ಮನೆಯ ವೈಫೈಗೂ ನೀರುಗಂಟಿ ಉಂಟು



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕೆರೆ ನೀರು ಕಮ್ಮಿಯಾದಾಗ ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ ಅಂತ ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಮನೆಗೆ ಇಂಟರ್‌ನೆಟ್ ಹಂಚುವ ರೂಟರ್ ಪೆಟ್ಟಿಗೆಯಲ್ಲೂ ಇಂಥದೇ ಒಂದು ಏರ್ಪಾಡು ಇರುತ್ತದೆ. ಅದರ ಹೆಸರು ಕ್ಯೂಓಎಸ್. ಬಹಳ ಮನೆಗಳಲ್ಲಿ ಅದನ್ನು ಯಾರೂ ಮುಟ್ಟಿರುವುದೇ ಇಲ್ಲ.

ಸಂಜೆ ಏಳು ಗಂಟೆಗೆ ಮಗಳಿಗೆ ಆನ್‌ಲೈನ್ ಪಾಠ. ಅದೇ ಹೊತ್ತಿಗೆ ಟಿವಿಯಲ್ಲಿ ಯೂಟ್ಯೂಬ್, ಇನ್ನೊಂದು ಫೋನಿನಲ್ಲಿ ಸಿನಿಮಾ ಡೌನ್‌ಲೋಡ್. ಮೇಡಂ ಮಾತು ತುಂಡು ತುಂಡಾಗಿ ಕೇಳುತ್ತದೆ. ಮನೆಯಿಂದಲೇ ಬೆರಳಚ್ಚು ಪಡೆದು ಬ್ಯಾಂಕಿನ ಹಣ ಕೊಡುವ ನಮ್ಮ ಬಿ.ಸಿ. ಸಖಿಯರ ಕಷ್ಟವೂ ಇದೇ. ಆ ಕೆಲಸಕ್ಕೆ ಬೇಕಾದ ಡೇಟಾ ತೀರಾ ಸ್ವಲ್ಪ. ಆದರೆ ಸಿನಿಮಾದ ಹಿಂದೆ ಸರದಿಯಲ್ಲಿ ಸಿಕ್ಕಿಕೊಂಡರೆ ಸಮಯ ಮೀರಿ ವ್ಯವಹಾರ ನಿಂತುಹೋಗುತ್ತದೆ. ಪಿಂಚಣಿಗೆ ಬಂದ ಅಜ್ಜಿ ಬರಿಗೈಲಿ ಹೋಗಬೇಕಾಗುತ್ತದೆ.

ಸರಿಪಡಿಸೋದು ಹೇಗೆ? ರೂಟರಿನ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 192.168.1.1 ಅಥವಾ 192.168.0.1 ಎಂಬಂಥ ಅಂಕಿ ಇರುತ್ತದೆ. ಅದೇ ವೈಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ ಆ ಅಂಕಿ ಹಾಕಿ, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಕ್ಯೂಓಎಸ್ ಎಂಬ ಜಾಗ ಹುಡುಕಿ ಆನ್ ಮಾಡಿ. ಮನೆಯ ಫೋನುಗಳ ಪಟ್ಟಿ ಕಾಣಿಸಿದರೆ ಪಾಠದ ಫೋನಿಗೆ, ಸಖಿಯ ಫೋನಿಗೆ ಮೊದಲ ಸ್ಥಾನ ಕೊಡಿ. ಎಲ್ಲ ಫೋನಿಗೂ ಕೊಟ್ಟರೆ ಏನೂ ಉಪಯೋಗವಿಲ್ಲ. ಯಾರಿಗೆ ಮೊದಲು ಅನ್ನೋದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿ. ಟಿವಿ ಮುಂದೆ ಕೂತವರು ಗೊಣಗಬಹುದು, ಗೊಣಗಲಿ ಬಿಡಿ.

ಕೆಲವು ರೂಟರ್‌ಗಳು ಲೈನಿನ ವೇಗ ಎಷ್ಟು ಅಂತ ಕೇಳುತ್ತವೆ. ಬೇರೆ ಯಾರೂ ನೆಟ್ ಬಳಸದಿರುವಾಗ ವೇಗ ಅಳೆದು, ಅದಕ್ಕಿಂತ ತುಸು ಕಡಿಮೆ ಬರೆಯಿರಿ. 50 ಬಂದರೆ 45 ಸಾಕು. ಹೆಚ್ಚಿಗೆ ಬರೆದರೆ ಸರದಿ ನಿಮ್ಮ ರೂಟರಿನ ಆಚೆ ನಿಲ್ಲುತ್ತದೆ, ಅಲ್ಲಿ ನಿಮ್ಮ ನೀರುಗಂಟಿಯ ಮಾತು ನಡೆಯದು. ಅಪ್‌ಲೋಡ್ ವೇಗವನ್ನೂ ಹೀಗೇ ತುಂಬಿ. ಫೋಟೋಗಳು ತಾವಾಗಿಯೇ ಮೇಲೆ ಹೋಗುವಾಗ ವಿಡಿಯೋ ಪಾಠ ನಿಂತುಬಿಡುವುದುಂಟು.

ಇದ್ದದ್ದನ್ನು ಹಂಚುವುದಷ್ಟೇ ಇದರ ಕೆಲಸ. ಲೈನೇ ನಿಧಾನವಾಗಿದ್ದರೆ ಇದರಿಂದ ವೇಗ ಹೆಚ್ಚುವುದಿಲ್ಲ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಡಬೇಡಿ, ನಡುಮನೆಯಲ್ಲಿ ಎತ್ತರಕ್ಕೆ ಇಡಿ. ಕಂಪನಿ ಕೊಟ್ಟ ಕೆಲವು ರೂಟರ್‌ಗಳಲ್ಲಿ ಕ್ಯೂಓಎಸ್ ಇರುವುದಿಲ್ಲ, ಲೈನ್ ಹಾಕಿದವರನ್ನೇ ಕೇಳಿ. ಬರೀ ಫೋನಿನ ಹಾಟ್‌ಸ್ಪಾಟ್ ಬಳಸುವ ಮನೆಯಲ್ಲಿ ಪಾಠ ಮುಗಿಯುವ ತನಕ ಉಳಿದ ಫೋನುಗಳ ವೈಫೈ ಆಫ್ ಮಾಡಿಸಿ.