ಒಣಹಿತ್ತಲಿನ ಸರದಿ: ಕರ್ಚಿಕಾಯಿಯಿಂದ ಮಂಗರವಳ್ಳಿಯವರೆಗೆ

ದಾವಣಗೆರೆಯಲ್ಲಿ ವರ್ಷಕ್ಕೆ ಸುಮಾರು 650 ಮಿ.ಮೀ. ಮಳೆ ಬೀಳುತ್ತದೆ. 250 ಮಿ.ಮೀ.ಗಿಂತ ಕಡಿಮೆಯಾದರೆ ಮರುಭೂಮಿ ಎನ್ನುವ ಲೆಕ್ಕಕ್ಕೆ ಈ ಊರು ಸೇರುವುದಿಲ್ಲ. ಆದರೆ ಮಳೆಯ ಬಹುಪಾಲು ಜೂನ್–ಅಕ್ಟೋಬರ್ ನಡುವೆಯೇ ಸುರಿದು ಮುಗಿಯುವುದರಿಂದ ಫೆಬ್ರುವರಿಯಿಂದ ಮೇವರೆಗೆ ಹಿತ್ತಲ ಪಾಡು ಮರುಭೂಮಿಯದೇ. ಭದ್ರಾ ನಾಲೆ ಗದ್ದೆಗಳಿಗೆ, ಕುಂದವಾಡ ಕೆರೆ ಕುಡಿಯುವುದಕ್ಕೆ. ಗಿಡಗಳ ಪಾಲಿಗೆ ಬರುವುದು ಅಕ್ಕಿ, ಬೇಳೆ ತೊಳೆದ ನೀರು, ಹೆಚ್ಚೆಂದರೆ ಬೋರ್‌ವೆಲ್‌ನ ಗಡಸು ನೀರು. ಇಂಥಲ್ಲಿ ಬೀನ್ಸ್, ಟೊಮೆಟೊಗಳನ್ನು ಬೇಸಿಗೆ ದಾಟಿಸಲು ಹೆಣಗುವುದಕ್ಕಿಂತ, ತಮ್ಮ ಕಾಲಕ್ಕೆ ಎದ್ದು ತಮ್ಮ ಕಾಲಕ್ಕೆ ಮಲಗುವ ಗಿಡಗಳನ್ನು ಸರದಿಯಲ್ಲಿ ಇಟ್ಟುಕೊಳ್ಳುವುದೇ ಮೇಲು.

ಸರದಿಯಲ್ಲಿ ಮೊದಲು ಕರ್ಚಿಕಾಯಿ. ಎರೆಹೊಲಗಳ ಬದುವಿನಲ್ಲಿ ತಾನಾಗಿ ಹಬ್ಬುವ, ಹಾಗಲದ ಕುಲದ ಸಣ್ಣ ಬಳ್ಳಿ. ನೆಲದೊಳಗಿನ ಗಡ್ಡೆ ಮುಂಗಾರಿನ ಹಸಿಗೆ ಚಿಗುರಿ ಏಣುಏಣಿನ ಪುಟ್ಟ ಕಾಯಿ ಬಿಡುತ್ತದೆ. ಬೀಜದ ಸಿಪ್ಪೆ ಗಟ್ಟಿ, ಮೊಳಕೆ ಬರುವುದು ಅಪರೂಪ. ಗಡ್ಡೆ ನೆಡುವುದೇ ಖಾತ್ರಿಯ ದಾರಿ. ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗುತ್ತದೆ. ಹೊಸಬರು ಎಡವುವುದು ಇಲ್ಲೇ: ಬಳ್ಳಿ ಸತ್ತಿತೆಂದು ಗಾಬರಿಯಾಗಿ ನೀರು ಹಾಕುತ್ತಾರೆ, ಮಲಗಿದ ಗಡ್ಡೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಅದನ್ನು ಮರೆತುಬಿಡುವುದೇ ಆರೈಕೆ. ಸೆಪ್ಟೆಂಬರ್–ಅಕ್ಟೋಬರ್‌ನ ಜೋರು ಮಳೆಯಲ್ಲೂ ಎಚ್ಚರ ಬೇಕು. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಕೆಮ್ಮಣ್ಣು, ಮರಳು ಬೆರೆಸಿ ಗೇಣುದ್ದ ಏರಿಸಿದ ಮಡಿಯಲ್ಲಿ ಮಾತ್ರ ಗಡ್ಡೆ ಉಳಿಯುತ್ತದೆ. ಕೊಯ್ದ ಕಾಯಿ ಬಹಳ ದಿನ ಇರುವುದಿಲ್ಲ. ಶೇಂಗಾ ಪುಡಿ, ಒಣಖಾರ ಹಾಕಿ ಅಂದೇ ಹುರಿದರೆ ಅದರ ಕಹಿಗೆ ಸಮನಾದದ್ದು ಪೇಟೆಯ ಹಾಗಲದಲ್ಲಿ ಸಿಗದು.

ಮಾಡಹಾಗಲವೂ ಗಡ್ಡೆಯದೇ, ಆದರೆ ಹೆಣ್ಣು ಬಳ್ಳಿ ಬೇರೆ, ಗಂಡು ಬಳ್ಳಿ ಬೇರೆ. ಎಂಟು-ಹತ್ತು ಹೆಣ್ಣಿಗೆ ಒಂದು ಗಂಡು ಸಾಕು. ಗಂಡೇ ಇಲ್ಲದಿದ್ದರೆ ಹೂ ಬಿಟ್ಟರೂ ಕಾಯಿಲ್ಲ. ಮನೆಯಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ಕೈಯಿಂದಲೇ ಮುಟ್ಟಿಸಬಹುದು.

ಮಳೆಗಾಲದ ಸೊಪ್ಪಿಗೆ ಬಿತ್ತನೆಯೇ ಬೇಡ. ಗೋಣಿ, ಅಣ್ಣೆ, ಕನ್ನೆ ತಾವೇ ಹುಟ್ಟುತ್ತವೆ, ಕಳೆಯೆಂದು ಕಿತ್ತೆಸೆಯದಿದ್ದರಾಯಿತು. ಜೂನ್‌ನಲ್ಲಿ ಬಿತ್ತಿದ ಪುಂಡಿ, ಹಗಲು ಕಿರಿದಾಗುತ್ತಿದ್ದಂತೆ ಹೂವಿಗೆ ಹೊರಳಿ ಸೊಪ್ಪು ಕಡಿಮೆ ಮಾಡುತ್ತದೆ. ಜೋಳದ ರೊಟ್ಟಿಗೆ ಪುಂಡಿಪಲ್ಯ ಬೇಕೆನ್ನುವವರು ಅಷ್ಟರೊಳಗೆ ಕೊಯ್ದುಕೊಳ್ಳಬೇಕು. ಚಳಿಗಾಲದ ಪಾಳಿ ಚೊಗಚೆಯದು. ಅದರ ಹೂವಿನ ಪಲ್ಯಕ್ಕೆ ಒಳಗಿನ ಕೇಸರ ತೆಗೆಯದಿದ್ದರೆ ಕಹಿ.

ಬಿರುಬೇಸಿಗೆಯಲ್ಲಿ ಉಳಿಯುವುದು ದೊಡ್ಡಪತ್ರೆ, ನುಗ್ಗೆ, ಮಂಗರವಳ್ಳಿ. ಸಂದುಬಳ್ಳಿ ಎಂದೂ ಕರೆಯುವ ಮಂಗರವಳ್ಳಿ ಕಳ್ಳಿಯ ಹಾಗೆ ರಾತ್ರಿ ಉಸಿರಾಟದ ರಂಧ್ರ ತೆರೆದು ಹಗಲು ಮುಚ್ಚುತ್ತದೆ. ಸುಡುಬಿಸಿಲಿನಲ್ಲೂ ನೀರು ಕಳೆದುಕೊಳ್ಳದಿರಲು ಅದೇ ಕಾರಣ. ಹಸಿ ತುಂಡು ಕೈಗೂ ಗಂಟಲಿಗೂ ತುರಿಕೆ. ಕೈಗೆ ಎಣ್ಣೆ ಸವರಿಕೊಂಡು ಎಳೆಯ ಗಿಣ್ಣುಗಳನ್ನಷ್ಟೇ ಮುರಿದು, ನಾರು ತೆಗೆದು, ಚೆನ್ನಾಗಿ ಹುರಿದು ಹುಣಸೆಹಣ್ಣಿನೊಂದಿಗೆ ಚಟ್ನಿ ಅರೆಯಬೇಕು. ಬಲಿತದ್ದು ಅಡುಗೆಗಲ್ಲ.

ನೀರು ಉಳಿಸಲು ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು ತುಂಬಿಸುವ ಹಳೆಯ ಉಪಾಯಕ್ಕೆ ಮಿಗಿಲಾದದ್ದಿಲ್ಲ. ಆದರೆ ಗಡಿಗೆ ನುಗ್ಗೆ, ಚೊಗಚೆಯ ಎಳೆ ಸಸಿಗಳ ಪಕ್ಕಕ್ಕಿರಲಿ, ಗಡ್ಡೆಯ ಮಡಿಗೆ ಬೇಡ. ಬುಡಕ್ಕೆ ಭತ್ತದ ಹೊಟ್ಟು ಹೊದಿಸಬಹುದು, ಅಕ್ಕಿ ಗಿರಣಿಗಳಿರುವ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಹೊಟ್ಟು ಸುಟ್ಟ ಬೂದಿಯನ್ನು ಮಾತ್ರ ಎರೆಮಣ್ಣಿಗೆ ಧಾರಾಳವಾಗಿ ಸುರಿಯಬಾರದು. ಮಣ್ಣೂ ಕ್ಷಾರ, ಬೂದಿಯೂ ಕ್ಷಾರ. ಮೇಲೆ ಗಡಸು ನೀರು ಸೇರಿದರೆ ಎಲೆ ಹಳದಿಯಾಗುತ್ತದೆ.

ಕರ್ಚಿಕಾಯಿ ಗಡ್ಡೆ ನರ್ಸರಿಯಲ್ಲಿ ಸಿಗುವುದು ಅಪರೂಪ. ಅದು ಇರುವುದು ಬದುವಿನಲ್ಲಿ, ಮೆಕ್ಕೆಜೋಳದ ಹೊಲಕ್ಕೆ ಹೊಡೆಯುವ ಕಳೆನಾಶಕ ತಲುಪದ ಕಡೆ. ಪರಿಚಯದ ರೈತರಿದ್ದರೆ ಬೇಸಿಗೆಯ ಉಳುಮೆ ಹೊತ್ತಿಗೆ ಹೋಗಿ, ಮೇಲೆದ್ದ ಗಡ್ಡೆಗಳಲ್ಲಿ ಒಂದೆರಡನ್ನು ಕೇಳಿ ತನ್ನಿ. ಉಳಿದದ್ದನ್ನು ಬದುವಿನಲ್ಲೇ ಹೂಳಲು ಹೇಳಿ.