ಕೆಲಸ ಹೋಗುವ ಮುನ್ನ ಕಟ್ಟಬೇಕಾದ ಸಂಘ

ಕುದುರೆಮುಖದಲ್ಲಿ ಗಣಿಗಾರಿಕೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2002ರ ಅಕ್ಟೋಬರ್ 30ರಂದು. ಗಣಿ ನಿಂತದ್ದು 2005ರ ಕೊನೆಯ ದಿನ. ನಡುವೆ ಮೂರು ವರ್ಷ ಎರಡು ತಿಂಗಳು. ಈ ಗುಡ್ಡಗಳ ದುಡಿಮೆಯ ಬಗ್ಗೆ ಯೋಚಿಸುವಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಈ ಮೂರು ವರ್ಷಗಳ ಹತ್ತಿರವೇ. ಗಣಿ ಮುಂದುವರಿಯಬೇಕಿತ್ತು ಎಂಬ ವಾದ ನನ್ನದಲ್ಲ. 30 ವರ್ಷದ ಗಣಿ ಗುತ್ತಿಗೆ 1999ರಲ್ಲೇ ಮುಗಿದಿತ್ತು, ಸುತ್ತಲ ಶೋಲಾ ಕಾಡು ರಾಷ್ಟ್ರೀಯ ಉದ್ಯಾನವಾಗಿತ್ತು, ಭದ್ರೆಗೆ ಮಣ್ಣು ಸೇರುತ್ತಿತ್ತು. ನಿಂತದ್ದು ಸರಿಯೇ. ಆದರೆ ನದಿಯ ಪರವಾಗಿ ಸರಿಯಾದ ತೀರ್ಪು ದುಡಿಯುವವನ ಪಾಲಿಗೆ ತಾನಾಗಿ ಸರಿಹೋಗುವುದಿಲ್ಲ. ಅದನ್ನು ಸರಿಮಾಡಿಕೊಳ್ಳುವ ಕೆಲಸ ಅವನದೇ, ಅದೂ ಸಂಬಳ ಬರುತ್ತಿರುವಾಗಲೇ ಆಗಬೇಕಾದದ್ದು. ಇಷ್ಟು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು.

ಗಣಿ ನಡೆಸುತ್ತಿದ್ದ ಕಂಪನಿ ಹುಟ್ಟಿದ್ದು 1976ರಲ್ಲಿ. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿ ತೆಗೆಯುವ ಲೆಕ್ಕದಲ್ಲಿ ಕಟ್ಟಿದ ಗಣಿ ಅದು. ಆ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಮುಟ್ಟಿಸುತ್ತಿದ್ದರು. ಇಂಥ ವ್ಯವಸ್ಥೆ ಮಲೆನಾಡಿನ ಮಳೆಯಲ್ಲಿ ಓಡಬೇಕಾದರೆ ಫಿಟ್ಟರು, ವೆಲ್ಡರು, ಎಲೆಕ್ಟ್ರಿಷಿಯನ್ನು, ಪಂಪ್ ಆಪರೇಟರು, ಡಂಪರ್ ಓಡಿಸುವವರು ಎಲ್ಲರ ಕೈಯೂ ಪಳಗಿರಬೇಕು. ಗಣಿ ಮುಚ್ಚಿದರೆ ಅದಿರು ಮಣ್ಣಿನಲ್ಲೇ ಉಳಿಯುತ್ತದೆ, ಕಸುಬು ಮಾತ್ರ ಚದುರಿಹೋಗುತ್ತದೆ. ಪರ್ಮನೆಂಟ್ ನೌಕರನಿಗೆ ವರ್ಗವೋ ವಿಆರ್‌ಎಸ್ಸೋ ಎಂಬ ಲೆಕ್ಕವಾದರೂ ಇರುತ್ತದೆ. ಕಂಟ್ರಾಕ್ಟ್ ಕಾರ್ಮಿಕನ ಹೆಸರು ಇರುವುದು ಕಂಟ್ರಾಕ್ಟರನ ಹಾಜರಿ ಪುಸ್ತಕದಲ್ಲಿ. ಗುತ್ತಿಗೆ ಪದ್ಧತಿ ರದ್ದಾದರೂ ಅಂಥವರನ್ನು ತಾನಾಗಿ ಕಾಯಂ ಮಾಡಬೇಕಿಲ್ಲವೆಂದು 2001ರ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಪರಿಹಾರದ ಮೊತ್ತ ದೊಡ್ಡದಾದಷ್ಟೂ ಸಂಘಟನೆ ಗೆದ್ದಂತೆ ಎಂದು ಒಂದು ಕಾಲಕ್ಕೆ ನಾನೂ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಪರಿಹಾರ ಒಬ್ಬೊಬ್ಬರ ಹೆಸರಿಗೆ ಬರುತ್ತದೆ, ಒಬ್ಬೊಬ್ಬರ ಮನೆಯಲ್ಲೇ ಕರಗುತ್ತದೆ. ಒಟ್ಟಾಗಿ ಇದ್ದಾಗ ಇದ್ದ ಬಲ ಆ ಚೆಕ್ಕಿನಲ್ಲಿ ಇರುವುದಿಲ್ಲ.

ಬೇರೆ ದಾರಿ ಇತ್ತೇ ಎಂದು ಕೇಳುವವರಿಗೆ ಉತ್ತರ ನಮ್ಮ ಕಾಫಿಯಲ್ಲೇ ಇದೆ. 1950ರ ದಶಕದ ನಡುವಿನಲ್ಲಿ ಕಾಫಿ ಬೋರ್ಡ್ ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕೆಲಸ ಕಳೆದುಕೊಂಡ ಅಡುಗೆಯವರು, ಮಾಣಿಗಳು, ಗಲ್ಲೆಯವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾತಿನಂತೆ ಆ ಹೌಸುಗಳನ್ನು ತಾವೇ ವಹಿಸಿಕೊಂಡರು. ಅವರ ಮೊದಲ ಸಹಕಾರ ಸಂಘ ಹುಟ್ಟಿದ್ದು 1957ರ ಆಗಸ್ಟ್ 19ರಂದು, ನಮ್ಮ ಬೆಂಗಳೂರಿನಲ್ಲಿ. ಚಿಕ್ಕಮಗಳೂರಿನ ಬೀಜ ಕುದಿಸುತ್ತಿದ್ದ ಕೈಗಳೇ ಮಾಲೀಕರ ಕೈಗಳಾದವು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೊತ್ತು. ಕೆಲಸ ಹೋದ ಮೇಲೆ ಅವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಡಲಿಲ್ಲ; ಬೋರ್ಡಿನ ಕೆಲಸಗಾರರ ಸಂಘಟನೆ ಆಗಲೇ ಇತ್ತು. ಮುಷ್ಕರಕ್ಕೆ ಒದಗುವ ಒಗ್ಗಟ್ಟೇ ಅಂಗಡಿ ನಡೆಸಲೂ ಒದಗಿತು.

ಕಾಫಿ ಹೌಸ್ ನಡೆಸಲು ಒಲೆ, ಲೋಟ, ಬಾಡಿಗೆ ಕಟ್ಟಡ ಸಾಕು, ಗಣಿಯನ್ನೋ ತೋಟವನ್ನೋ ಕೆಲಸಗಾರರು ಕೊಳ್ಳಲಾದೀತೇ ಎಂಬ ಆಕ್ಷೇಪ ಬರುತ್ತದೆ. ಆಗದು. ಕೊಳ್ಳಬೇಕಾಗಿಯೂ ಇಲ್ಲ. ಒಡೆತನ ಬೇಕಾದದ್ದು ಕಸುಬಿನ ಮೇಲೆ. ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಸುತ್ತ ನೋಡಿ: ಬೆಳೆಗಾರರಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟದವರು. ಅರೇಬಿಕಾ ಹಣ್ಣು ಬರುವಾಗ ಪಲ್ಪರ್ ಕೆಟ್ಟರೆ ಅವರಿಗೆ ಅಂದೇ ಫಿಟ್ಟರ್ ಬೇಕು, ವರ್ಷವಿಡೀ ಬೇಡ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಮೋಟಾರ್ ವೈಂಡಿಂಗ್ ಗೊತ್ತಿರುವವನು ಬೇಕು. ಮೆಣಸು ಕೊಯ್ಲಿಗೆ ಏಣಿ ಹತ್ತುವವನು, ಮಳೆಗಾಲಕ್ಕೆ ಮುಂಚೆ ಮರಗಸಿಗೆ ಸಿಲ್ವರ್ ಓಕಿನ ತುದಿ ಮುಟ್ಟುವವನು ಬೇಕು. ಒಂದೊಂದು ತೋಟದಲ್ಲಿ ಇದು ನಾಲ್ಕು ದಿನದ ಕೆಲಸ. ನೂರು ತೋಟ ಸೇರಿದರೆ ವರ್ಷದ ಅನ್ನ. ಯಾವ ಒಬ್ಬ ಸಾಹುಕಾರರೂ ಕೊಡಲಾಗದ ಕಾಯಂ ಕೆಲಸವನ್ನು ಕಸುಬುದಾರರ ಸಂಘ ಕೊಡಬಲ್ಲದು: ಯಾರಿಗೆ ಏನು ಬರುತ್ತದೆ ಎಂಬ ಒಂದು ಪುಸ್ತಕ, ಎಲ್ಲರೂ ಒಪ್ಪಿದ ದರ, ಸರದಿಯ ಪ್ರಕಾರ ಕರೆ, ಮರದಿಂದ ಬಿದ್ದವನ ಮನೆಗೆ ಒಟ್ಟು ಹಣದಿಂದ ಆಸರೆ.

ಸಹಕಾರ ಸಂಘವೆಂದರೆ ಜಗಳ, ಜಾತಿ, ರಾಜಕೀಯ, ಕೊನೆಗೆ ಖಾಲಿ ಗಲ್ಲೆ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಅಂಥವು ಬೇಕಾದಷ್ಟಿವೆ. ಆದರೆ ಉಳಿದವು ಹೇಗೆ ಉಳಿದವು ಎಂದೂ ಕೇಳಬೇಕು. ಮಂಗಳೂರಿನ ಬೀಡಿ ಕಂಪನಿಯೊಂದು 1968ರಲ್ಲಿ ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದಾಗ ಸಾವಿರಾರು ಜನ ಬೀದಿಗೆ ಬಿದ್ದರು. ಮರುವರ್ಷ ಅವರಿಗಾಗಿ ದಿನೇಶ್ ಬೀಡಿ ಸಹಕಾರ ಸಂಘ ಎದ್ದಿತು. ಬೀಡಿಗೆ ಬೇಡಿಕೆ ಇಳಿದಾಗ ಅದು ಆಹಾರ ಪದಾರ್ಥ, ಕೊಡೆ, ಬಟ್ಟೆಯ ಕಡೆ ಹೊರಳಿತು. ಕೇರಳದ ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ 1925ರಲ್ಲಿ 14 ಕೂಲಿಕಾರರು ಕಟ್ಟಿದ ಊರಾಳುಂಗಲ್ ಸಂಘ ನಮ್ಮ ಗಡಿಯ ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿಯ ಗುತ್ತಿಗೆ ಹಿಡಿಯುವಷ್ಟು ಬೆಳೆಯಿತು. ಒಂದೇ ಸರಕಿಗೆ, ಒಬ್ಬನೇ ಧಣಿಗೆ ಜೋತುಬಿದ್ದಿದ್ದರೆ ಇವು ಇಷ್ಟು ದೂರ ಬರುತ್ತಿರಲಿಲ್ಲ. ಕೇರಳದಲ್ಲಿ ಸರ್ಕಾರದ ಕೈ ಹಿಂದಿತ್ತು ಎನ್ನಬಹುದು, ನಿಜ. ಆದರೆ ಸರ್ಕಾರ ಕೈ ಕೊಡಬೇಕಾದರೂ ಹಿಡಿಯಲು ಆಚೆ ಕಡೆ ಒಂದು ಕೈ ಚಾಚಿರಬೇಕು.

ಕಾನೂನು ಇಲ್ಲವೇ ಎಂಬುದು ಕೊನೆಯ ಆಕ್ಷೇಪ. ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆ ಸೇವೆಯ ವರ್ಷಕ್ಕೆ 15 ದಿನದ ಸಂಬಳ ಕೊಡಿಸಿತು. 100 ಅಥವಾ ಹೆಚ್ಚು ಜನರಿರುವ ಗಣಿ, ಕಾರ್ಖಾನೆ, ಪ್ಲಾಂಟೇಶನ್ ಮುಚ್ಚಲು ಸರ್ಕಾರದ ಅನುಮತಿ ಬೇಕೆಂದಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿತು. ಹಳೆಯ ಮಿತಿಗೇ ನಿಲುಕದ ನಮ್ಮ ಸಣ್ಣ ತೋಟಗಳ ಕಸುಬುದಾರನಿಗೆ ಹೊಸ ಮಿತಿ ಇನ್ನೂ ದೂರ. ಕಾಯ್ದೆ ಕಾಯುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವವನನ್ನು. ಧಣಿಯ ಪುಸ್ತಕದಲ್ಲಿ ಹೆಸರಿಲ್ಲದವನು ತನ್ನ ಹೆಸರು ಬರೆದಿಡುವ ಪುಸ್ತಕವನ್ನು ತಾನೇ ತೆರೆಯಬೇಕು. ಕುದುರೆಮುಖಕ್ಕೆ ಮೂರು ವರ್ಷದ ಮುನ್ಸೂಚನೆಯಾದರೂ ಸಿಕ್ಕಿತ್ತು. ತೋಟದ ಫಿಟ್ಟರಿಗೆ ಬರುವ ಸೂಚನೆ ರೈಟರ ಬಾಯಿಂದ, ಶನಿವಾರ ಬಟವಾಡೆಯ ಹೊತ್ತಿಗೆ.