ದೂರದ ಹೊಡೆತ ಹುಟ್ಟುವುದು ಕಾಲಡಿಯಲ್ಲಿ

ಪ್ರಶ್ನೆ: ಗದ್ದೆಯಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡಿ ಬೆಳೆದವನು ನಾನು. ಈಗ ಬಿಡುವಾದಾಗ ಮಂಗಳೂರಿನ ಪಿಲಿಕುಳಕ್ಕೆ ಹೋಗಿ ಗಾಲ್ಫ್ ಕಲಿಯುತ್ತಿದ್ದೇನೆ. ತೋಳಿನಲ್ಲಿ ಬಲಕ್ಕೇನೂ ಕೊರತೆಯಿಲ್ಲ. ಆದರೆ ದೂರದ ಹೊಡೆತದ ಕ್ಲಬ್ಬಾದ ಡ್ರೈವರ್ ಹಿಡಿದು ಎಷ್ಟು ಜೋರಾಗಿ ಬೀಸಿದರೂ ಚೆಂಡು ಬಲಕ್ಕೆ ಬಾಗಿ ಬೀಳುತ್ತದೆ. ನನಗಿಂತ ಸಣಕಲು ಹುಡುಗರು ನನ್ನನ್ನು ಮೀರಿಸುತ್ತಾರೆ. ಇದರ ಗುಟ್ಟೇನು?
— ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಚೆಂಡಿಗೆ ನಿಮ್ಮ ತೋಳಿನ ಗಾತ್ರ ಗೊತ್ತಾಗುವುದಿಲ್ಲ. ಡ್ರೈವರಿನ ತಲೆಗೂ ಚೆಂಡಿಗೂ ಇರುವ ಭೇಟಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತಿನದು. ಅಷ್ಟರಲ್ಲಿ ತಳ್ಳಲು, ತಿದ್ದಲು ಯಾರಿಗೂ ಸಾಧ್ಯವಿಲ್ಲ. ಆ ಕ್ಷಣದಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಮೂರು: ತಲೆಯ ವೇಗ, ಅದು ಸಾಗಿಬಂದ ದಾರಿ ಮತ್ತು ಮುಖದ ದಿಕ್ಕು, ಚೆಂಡು ಮುಖದ ಯಾವ ಭಾಗಕ್ಕೆ ತಾಗಿತು ಎಂಬುದು.

ಮೊದಲು ವೇಗ. ಸ್ವರ್ಣಾ ಹೊಳೆಯಲ್ಲಿ ಬೀಸುಬಲೆ ಎಸೆಯುವವರನ್ನು ನೀವು ನೋಡಿಯೇ ಇರುತ್ತೀರಿ. ಬಲೆ ಕೈಯಿಂದ ಬಿಡುಗಡೆಯಾಗುವುದು ಕಟ್ಟಕಡೆಗೆ. ಅದಕ್ಕೂ ಮೊದಲು ಕಾಲು ಊರುತ್ತದೆ, ಸೊಂಟ ತಿರುಗುತ್ತದೆ, ಭುಜ ಹಿಂಬಾಲಿಸುತ್ತದೆ. ಗಾಲ್ಫ್ ಸ್ವಿಂಗಿನ ಕ್ರಮವೂ ಅದೇ. ಕೆಳಗಿಳಿಯುವಾಗ ಮೊದಲು ಎಡಗಾಲಿಗೆ ಭಾರ, ನಂತರ ಸೊಂಟ, ಎದೆ, ತೋಳು, ಕೊನೆಗೆ ಮಣಿಕಟ್ಟು ಬಿಚ್ಚಿಕೊಂಡು ಕ್ಲಬ್. ಒಂದು ಅಂಗದ ವೇಗ ತಗ್ಗುತ್ತಿದ್ದಂತೆ ಅದು ಮುಂದಿನದಕ್ಕೆ ದಾಟಿ, ಸುಮಾರು 200 ಗ್ರಾಂ ತೂಕದ ಡ್ರೈವರ್ ತಲೆಯಲ್ಲಿ ಒಟ್ಟುಗೂಡುತ್ತದೆ. ಸಣಕಲು ಹುಡುಗರ ಗುಟ್ಟು ಈ ಸರದಿಯಲ್ಲಿದೆ. ತೋಳಿನ ಬಲವುಳ್ಳವರು ಮೇಲಿನಿಂದಲೇ ಕೈ ಎಳೆದುಬಿಡುತ್ತಾರೆ. ಸೊಂಟದ ಸರದಿ ಬರುವ ಮೊದಲೇ ವೇಗ ಖರ್ಚಾಗಿರುತ್ತದೆ.

ಬಲಕ್ಕೆ ಬಾಗುವುದೂ ಬಹುತೇಕ ಇದೇ ತಪ್ಪಿನ ಫಲ. ಬಲಗೈ ಆಟಗಾರನ ತೋಳು, ಭುಜ ಮುಂಚಿತವಾಗಿ ನುಗ್ಗಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಕತ್ತರಿಸಿದ ಹಾಗೆ ಬರುತ್ತದೆ. ಆ ದಾರಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ತಿರುಗುವುದು ಖಂಡಿತ. ಹೀಗಿರುವಾಗ ಇನ್ನೂ ಜೋರಾಗಿ ಬೀಸಿದರೆ ದೂರಕ್ಕಿಂತ ಬಾಗೇ ಹೆಚ್ಚುತ್ತದೆ. ಹಿಡಿತವನ್ನೂ ನೋಡಿಕೊಳ್ಳಿ. ಕ್ಲಬ್ ಎಡ ಅಂಗೈಯ ನಡುವೆ ಕೂರದೆ ಬೆರಳುಗಳ ಬುಡದಲ್ಲಿ ಕೂರಬೇಕು. ಕೆಳಗೆ ನೋಡಿದಾಗ ಎಡಗೈಯ ಎರಡು ಅಥವಾ ಮೂರು ಗಿಣ್ಣು ಕಾಣಬೇಕು. ಬಿಗಿಯಾಗಿ ಅಮುಕಿದರೆ ಮಣಿಕಟ್ಟು ಬಿಚ್ಚಿಕೊಳ್ಳುವುದಿಲ್ಲ.

ಮೂರನೆಯದು ತಾಗುವ ಜಾಗ. ಡ್ರೈವರಿನ ಮುಖಕ್ಕೆ ತೆಳ್ಳಗೆ ಪೌಡರ್ ಹಚ್ಚಿ ಹತ್ತು ಚೆಂಡು ಹೊಡೆಯಿರಿ, ಪ್ರತಿ ಸಲವೂ ಗುರುತು ನೋಡಿ ಒರೆಸಿ. ಗುರುತುಗಳು ಮುಖದ ಹಿಮ್ಮಡಿಯ (ಕೋಲು ಸೇರುವ ಬದಿಯ) ಕಡೆಗೋ ತುದಿಯ ಕಡೆಗೋ ಚೆಲ್ಲಾಪಿಲ್ಲಿಯಾಗಿದ್ದರೆ ವೇಗದ ಚಿಂತೆ ಈಗಲೇ ಬೇಡ. ಗಂಟೆಗೆ 160 ಕಿ.ಮೀ. ವೇಗದ ತಲೆ ನಟ್ಟನಡುವೆ ತಾಗಿದರೆ ಚೆಂಡು ಸುಮಾರು 240 ಕಿ.ಮೀ. ವೇಗದಲ್ಲಿ ಚಿಮ್ಮುತ್ತದೆ. ಅಂಚಿಗೆ ತಾಗಿದರೆ ಗಳಿಸಿದ ವೇಗ ಅಲ್ಲೇ ಸೋರಿಹೋಗುತ್ತದೆ.

ದೂರವೇ ಸರ್ವಸ್ವ ಅಂದುಕೊಳ್ಳುವ ಮುನ್ನ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನಪಿಸಿಕೊಳ್ಳಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ 60 ಆಟಗಾರ್ತಿಯರ ಪೈಕಿ ಡ್ರೈವ್ ದೂರದಲ್ಲಿ ಅವರು ತೀರಾ ಹಿಂದಿನವರು. ಆದರೂ ನೇರ ಹೊಡೆತ ಮತ್ತು ಪಟಿಂಗ್ ನಂಬಿ ನಾಲ್ಕನೆಯವರಾದರು. ಒಂದೇ ಹೊಡೆತದಿಂದ ಪದಕದ ಸೆಣಸು ತಪ್ಪಿತು. ಹಾಗೆಂದು ದೂರವನ್ನು ಅವರು ಕೈಬಿಡಲಿಲ್ಲ. ಮುಂದೆ ಅದಕ್ಕೆಂದೇ ದುಡಿದರು. 2023ರಲ್ಲಿ ಕೀನ್ಯಾ ಲೇಡೀಸ್ ಓಪನ್ ಗೆದ್ದರು, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಪಡೆದರು. ಮೊದಲು ನೇರ, ಆಮೇಲೆ ದೂರ: ಕಲಿಯುವವರಿಗೂ ಈ ಕ್ರಮವೇ ಕ್ಷೇಮ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಮೈದಾನಕ್ಕೆ ಹೋಗಲು ಆಗದಿದ್ದರೂ ಅಭ್ಯಾಸ ನಿಲ್ಲಬೇಕಿಲ್ಲ. ಬೀಸಿದ ಕ್ಲಬ್ ಮಾಡಿಗೆ ತಾಗದಷ್ಟು ಎತ್ತರದ ಚಾವಡಿಯೋ ಶೆಡ್ಡೋ ಸಾಕು. ಕ್ಲಬ್ಬನ್ನು ತಿರುವುಮುರುವಾಗಿ, ತಲೆಯ ಕಡೆ ಹಿಡಿದು ಬೀಸಿ. 'ಸುಯ್' ಎಂಬ ಸದ್ದು ಚೆಂಡು ಇರಬೇಕಾದ ಜಾಗದಲ್ಲಿ ಅಥವಾ ಅದನ್ನು ದಾಟಿದ ಮೇಲೆ ಕೇಳಬೇಕು. ಬಲ ಭುಜದ ಬಳಿಯೇ ಕೇಳಿದರೆ ಕೈ ಅವಸರಪಟ್ಟಿದೆ ಎಂದರ್ಥ. ಇನ್ನೊಂದು ಅಭ್ಯಾಸ: ಕಾಲು ಜೋಡಿಸಿ ನಿಂತು ಕ್ಲಬ್ ಹಿಂದಕ್ಕೆ ಎತ್ತಿ, ಅದು ಮೇಲೆ ತಲುಪುವ ಹೊತ್ತಿಗೆ ಎಡಗಾಲನ್ನು ಗುರಿಯ ಕಡೆ ಇಟ್ಟು ಆಮೇಲೆ ಬೀಸಿ. ಸರದಿ ಮೈಗೆ ತಾನಾಗಿ ಹತ್ತುತ್ತದೆ. ಎರಡಕ್ಕೂ ಮುಂಚೆ ಸೊಂಟ, ಬೆನ್ನು ಸಡಿಲಿಸಿಕೊಳ್ಳಿ. ಗಾಲ್ಫಿಗರನ್ನು ಹೆಚ್ಚಾಗಿ ಕಾಡುವುದು ಕೆಳಬೆನ್ನಿನ ನೋವು.

ಪೌಡರಿನ ಗುರುತು ನಡುವಿಗೆ ಬಂದು, ಬಾಗು ತಗ್ಗಿದ ಮೇಲೆ ವೇಗ ಏರಿಸಿ. ಪರೀಕ್ಷೆ ಸುಲಭ: ಬೀಸಿ ಮುಗಿದಾಗ ಹೊಟ್ಟೆ ಗುರಿಯತ್ತ ತಿರುಗಿ, ಎಡಗಾಲಿನ ಮೇಲೆ ಮೂರು ಎಣಿಸುವವರೆಗೆ ಅಲುಗದೆ ನಿಲ್ಲಬೇಕು. ನಿಲ್ಲಲಾಗದಿದ್ದರೆ ಆ ವೇಗ ಇನ್ನೂ ನಿಮ್ಮ ಹತೋಟಿಗೆ ಬಂದಿಲ್ಲ. ಒಂದು ಮೆಟ್ಟಿಲು ಇಳಿದು ಬೀಸಿ.